ನೆಲಕ್ಕಿಡದ ತಂಬಿಗೆ

"ಆ ತಂಬಗಿ ಒಳಗ ಬಿಡೂದಿಲ್ರಿ."

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಇದು! ಹೆಸರಿಲ್ಲ, ನಮಸ್ಕಾರವಿಲ್ಲ. ಬೆಳ್ಳಟ್ಟಿಯ ಮನೆಯ ಮುಂದೆ ಬಿಳಿ ಕಾರು ನಿಲ್ಲಿಸಿ ಇಳಿದವನು ಅವಳ ಸೂಟ್‌ಕೇಸು ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಅವಳು ಎರಡೂ ಕೈಯಿಂದ ಎದೆಗೆ ಆನಿಸಿ ಹಿಡಿದಿದ್ದ ಹಿತ್ತಾಳೆ ತಂಬಿಗೆಯನ್ನೇ ನೋಡಿದ.

ನಾಗರತ್ನಾಳ ಮೈ ಉರಿಯಿತು.

"ಯಾರು ಬಿಡೂದಿಲ್ಲ? ನೀವಾ?"

"ನಾ ಯಾಕ ಬ್ಯಾಡ ಅನ್ಲಿ? ಏರ್‌ಪೋರ್ಟಿನ್ಯಾಗ ಬಿಡೂದಿಲ್ಲ. ಕೈಯಾಗ ಒಯ್ಯೂದು ಎಣ್ಣಿ ಇರಲಿ, ನೀರು ಇರಲಿ, ಒಂದೊಂದು ಬಾಟ್ಲಿ ನೂರು ಎಂ.ಎಲ್. ದಾಟಬಾರದು. ಒಳಗೇನೈತಿ ಅಂತ ಕಣ್ಣಿಗೆ ಕಾಣಬೇಕು. ನಿಮ್ದು ನೋಡಿದ್ರ ಹಿತ್ತಾಳಿ. ಬಾಯಿಗೆ ಕಣಕ ಮೆತ್ತೀರಿ, ಮ್ಯಾಲೆ ಅರಿಬಿ ಕಟ್ಟೀರಿ... ಅದನ್ನ ದೊಡ್ಡ ಸೂಟ್‌ಕೇಸಿನಾಗ ಇಡ್ರಿ. ಅದು ವಿಮಾನದ ಹೊಟ್ಟ್ಯಾಗ ಹೋಗ್ತೈತಿ, ಯಾರೂ ತಕರಾರು ಮಾಡೂದಿಲ್ಲ."

"ಇಡಾಕ ಬರೂದಿಲ್ಲ."

"ಯಾಕ್ರಿ?"

"ಬರೂದಿಲ್ಲ ಅಂದ್ರ ಬರೂದಿಲ್ಲ!"

ಅವನು ಸೂಟ್‌ಕೇಸಿನ ಕಡೆ ತಿರುಗಿದ. ತಿರುಗಿದ ರೀತಿಯೂ ಅವಳಿಗೆ ಸೊಕ್ಕಿನಂತೆ ಕಂಡಿತು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅಮೃತವ್ವನಿಗೆ ಕಿವಿ ಮಂದ. ಈ ಜಗಳ ಆಕೆಗೆ ಕೇಳಿಸಲಿಲ್ಲ. ಆಕೆ ಕಂಡದ್ದು ತಂಬಿಗೆಯನ್ನು ಮಾತ್ರ. ನಡುಗುವ ಬಲಗೈಯಿಂದ ಅದನ್ನೊಮ್ಮೆ ಮುಟ್ಟಿ, ಆ ಕೈಯನ್ನೇ ಕೆನ್ನೆಗೆ ಒತ್ತಿಕೊಂಡಳು.

"ಕೈಯಾಗ ಹಿಡಕೊಂಡು ಹೋಗ ಯವ್ವಾ. ನೆಲಕ್ಕ ಇಡಬ್ಯಾಡ. ಕೂಸಿನ ನೆತ್ತಿಗೆ ಮುಟ್ಟಿಸಿದ ಮ್ಯಾಲೆ ಎಲ್ಲೆರ ಇಡು."

ಆ ಮನೆಯ ಪದ್ಧತಿ ಅದು. ಮನೆಯ ಹೆಣ್ಣುಮಕ್ಕಳು ಹಡೆದಾಗ, ಕೂಸಿನ ನೆತ್ತಿಗೆ ಬೀಳುವ ಮೊದಲ ಎಣ್ಣೆ ತವರಿನಿಂದಲೇ ಹೋಗಬೇಕು. ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆ. ತಂಬಿಗೆಗೆ ತುಂಬಿ ಬಾಯಿಗೆ ಗೋಧಿ ಕಣಕ ಮೆತ್ತಿದರೆಂದರೆ, ಕೂಸಿನ ತನಕ ಅದು ನೆಲ ಮುಟ್ಟಬಾರದು. ಹಿಂದೆ ಚಕ್ಕಡಿಯಲ್ಲಿ ಹೋಗಿತ್ತು, ಬಸ್ಸಿನಲ್ಲಿ ಹೋಗಿತ್ತು, ಒಮ್ಮೆ ಟ್ರ್ಯಾಕ್ಟರಿನಲ್ಲೂ ಹೋಗಿತ್ತು. ಯಾರದೋ ತೊಡೆಯ ಮೇಲೆ ಕುಳಿತೇ ಹೋಗಿತ್ತು.

ವಿಮಾನದಲ್ಲಿ ಹೋಗುತ್ತಿರುವುದು ಇದೇ ಮೊದಲು.

ಹೋಗಬೇಕಾದದ್ದು ಮಸ್ಕತ್‌ಗೆ, ತಂಗಿ ಸುಶ್ಮಿತಾಳ ಮನೆಗೆ. ಅವಳಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಕೈಗೆ ಬಂದಿತ್ತು, ಅದೂ ದಿನ ತುಂಬುವ ಮೊದಲೇ. ಅಂಗೈಯಗಲದ ಕೂಸು. ಆಸ್ಪತ್ರೆಯವರು ಚೆನ್ನಾಗಿದೆ ಎಂದು ಹೇಳಿ ಮನೆಗೆ ಕಳಿಸಿದ್ದರು. ಸುಶ್ಮಿತಾಳಿಗೆ ಮಾತ್ರ ಧೈರ್ಯ ಬಂದಿರಲಿಲ್ಲ. ಫೋನಿನಲ್ಲಿ ಒಂದೇ ಹಟ.

"ಅಕ್ಕಾ, ಅಜ್ಜಿ ಎಣ್ಣಿ ಬೀಳೂತನಕಾ ನಾ ಹೆಸರ ಇಡೂದಿಲ್ಲ. ಹೆಸರಿಟ್ಟ ಮ್ಯಾಲೆ ಏನರ ಆದ್ರ... ನನಗ ತಡಕೊಳ್ಳಾಕ ಆಗೂದಿಲ್ಲ."

ಇಪ್ಪತ್ತೊಂದನೆಯ ದಿನಕ್ಕೆ ತೊಟ್ಟಿಲು ಗೊತ್ತಾಗಿತ್ತು. ಇವತ್ತಿಗೆ ಕೂಸಿಗೆ ಹತ್ತು ದಿನ.

ತಾಯಿ ಇಲ್ಲದ ತಂಗಿಯ ಬಾಣಂತನಕ್ಕೆ, ಇನ್ನೂ ಮದುವೆಯಾಗದ ನಾಗರತ್ನಾ ಶಿರಹಟ್ಟಿಯ ಹೊಲಿಗೆ ಅಂಗಡಿಗೆ ಮೂರು ತಿಂಗಳ ಬೀಗ ಹಾಕಿ ಹೊರಟಿದ್ದಳು. ಇನ್ನು ಅಜ್ಜಿಯ ಕೈ? ಕಳೆದ ದೀಪಾವಳಿಯಿಂದ ಒನಕೆ ಹಿಡಿಯುವುದಿರಲಿ, ಚಹಾದ ಬಟ್ಟಲು ಕೂಡ ಹಿಡಿಯುತ್ತಿರಲಿಲ್ಲ. ಈ ಎಣ್ಣೆಯನ್ನು ಆಕೆ ಕೂಸು ಹುಟ್ಟುವ ಮೊದಲೇ ಶುರುಮಾಡಿ, ಹದಿನೈದು ದಿನ ಕೂತು, ಅಳುತ್ತ ತೆಗೆದಿದ್ದಳು.

ಇನ್ನೊಂದು ತಂಬಿಗೆ ಆಗುವ ಹಾಗಿರಲಿಲ್ಲ.

ಸೂಟ್‌ಕೇಸು ಇಡಲು ಅವನು ಡಿಕ್ಕಿ ತೆಗೆದ. ಒಳಗೊಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ತುಪ್ಪದ ಡಬ್ಬಿ, ಉಪ್ಪಿನಕಾಯಿ ಭರಣಿ, ಸೆಂಟಿನ ಬಾಟಲಿ, ಜೇನು.

ಚಿಕ್ಕವ್ವ ಮಂಜವ್ವ ನಾಗರತ್ನಾಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು.

"ನೋಡಿದ್ಯಾ? ಮುಂಡರಗಿಯಾಂವ, ಗವಿಸಿದ್ದೇಶ ಅಂತ. ಇದ ಇವನ ಕಸಬು ಅಂತ ಊರೆಲ್ಲ ಮಾತಾಡ್ತೈತಿ. ಅದು ಬಿಡೂದಿಲ್ಲ, ಇದು ಬಿಡೂದಿಲ್ಲ ಅಂತ ಹೆದರಸ್ತಾನ. ಮಂದಿ ಅಲ್ಲೇ ಬಿಟ್ಟು ಹೋಗ್ತಾರ. ಇಂವ ಗಂಟು ಕಟಗೊಂಡು ಮನಿಗೆ ಒಯ್ತಾನ. ಎಣ್ಣಿ ಜ್ವಾಕಿ!"

'ಹಂಗಾದ್ರ ಇದಕ್ಕ ಕಣ್ಣು ಹಾಕ್ಯಾನ...' ನಾಗರತ್ನಾ ತಂಬಿಗೆಯನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡಳು.

* * *

ಕಾರು ಹತ್ತುವಾಗಲೂ ತಂಬಿಗೆ ಕೈಯಲ್ಲೇ. ಕುಳಿತ ಮೇಲೆ ತೊಡೆಯ ಮೇಲೆ. ಅವನು ಕನ್ನಡಿಯಲ್ಲಿ ನೋಡುತ್ತಿದ್ದ. ಇವಳಿಗೆ ಅದೂ ಅನುಮಾನ.

ಲಕ್ಷ್ಮೇಶ್ವರ ಬಂತು. ದರ್ಗಾದ ಹತ್ತಿರದ ಒಂದು ಅತ್ತರಿನ ಅಂಗಡಿಯ ಮುಂದೆ ಕಾರು ನಿಂತಿತು.

"ಯಾಕ ನಿಲ್ಲಿಸಿದ್ರಿ?"

"ಒಂದ ಮಾತು ಕೇಳ್ರಿ. ಇದು ನಮ್ಮ ಶೇಖಸಾಬನ ಅಂಗಡಿ. ಸಣ್ಣ ಬಾಟ್ಲಿ ಸಿಗ್ತಾವ, ನೂರು ಎಂ.ಎಲ್.ದು. ಎಂಟೋ ಹತ್ತೋ ಬಾಟ್ಲಿಗೆ ಬಗ್ಗಿಸಿ, ಒಳಗ ಕಾಣೂವಂಥ ಒಂದು ಚೀಲದಾಗ ಹಾಕಿದ್ರ ಕೈಯಾಗ ಹಿಡಕೊಂಡು ಹೋಗಬಹುದು. ಹತ್ತು ನಿಮಿಷದ ಕೆಲಸ."

"ಮುದ್ರಿ ಒಡೀಬೇಕಾ?"

"ಒಡೀದ ಹೆಂಗ ಬಗ್ಗಸೂದು?"

"ಕೂಸಿನ ಮುಂದ ಒಡೀಬೇಕು ಇದನ್ನ! ದಾರ್‍ಯಾಗ ಯಾರೋ ಹೇಳಿದ್ರಂತ ಅಂಗಡಿ ಕಟ್ಟಿ ಮ್ಯಾಲೆ ಇಟ್ಟು ಒಡೀಲಾ?"

"ಕಟ್ಟಿ ಮ್ಯಾಲೆ ಇಡಬ್ಯಾಡ್ರಿ. ನೀವು ಹಿಡೀರಿ, ನಾ ಬಗ್ಗಸ್ತೀನಿ..."

"ನಿಮ್ಮ ಕೈ ಹಚ್ಚಬ್ಯಾಡ್ರಿ!"

ಅಂಗಡಿಯೊಳಗಿಂದ ಬಿಳಿಗಡ್ಡದ ಶೇಖಸಾಬ ಹಣಿಕಿ ನೋಡಿದ. "ಏನ್ ಗವೀ, ಬಾಟ್ಲಿ ಬೇಕೇನು?"

"ಬ್ಯಾಡ ಚಾಚಾ. ಮುಂದೆಂದರ."

ಕಾರು ಹೊರಟಿತು. ಹುಬ್ಬಳ್ಳಿಯ ತನಕ ಎಲ್ಲೂ ನಿಲ್ಲಲಿಲ್ಲ. ಶೇಂಗಾ ಹೊಲಗಳು ಸರಿದು ಹೋದವು. ತಂಬಿಗೆಯ ತಳದಿಂದ ಬೆವರು ಇಳಿದು ಅವಳ ಸೀರೆ ತೊಯ್ದಿತ್ತು. ಬೆವರು ತಂಬಿಗೆಯದೋ, ಅವಳ ಅಂಗೈಯದೋ!

ಇಳಿಯುವಾಗ ಅವನು ಹೇಳಿದ್ದು ಇಷ್ಟೇ: "ಒಳಗ ತಪಾಸಣಿ ದಾಟೂತನಕಾ ನಾ ಇಲ್ಲೇ ಬಾಗಿಲದಾಗ ಇರ್ತೀನಿ."

ಅವಳು ತಿರುಗಿ ನೋಡಲಿಲ್ಲ.

* * *

"ಟ್ರೇದಾಗ ಇಡಿ."

ತಪಾಸಣೆಯ ಸಾಲಿನಲ್ಲಿ ಅವಳ ಸರದಿ ಬಂದಿತ್ತು. ದೊಡ್ಡ ಸೂಟ್‌ಕೇಸು ಆಗಲೇ ಕೌಂಟರಿನಲ್ಲಿ ಹೋಗಿಯಾಗಿತ್ತು. ಫೋನು, ಪರ್ಸು ಟ್ರೇಗೆ ಹಾಕಿದಳು. ತಂಬಿಗೆ ಹಾಕಲಿಲ್ಲ.

"ಅದನ್ನೂ ಇಡಿ."

"ಇದು... ನೆಲಕ್ಕ ಇಡಬಾರದ್ರಿ."

"ಇದು ನೆಲ ಅಲ್ಲ ಅಮ್ಮಾ, ಟ್ರೇ."

ಹಿಂದಿನಿಂದ ಯಾರೋ ಗೊಣಗಿದರು. ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ನಾಗರತ್ನಾ ತನ್ನ ಕರ್ಚೀಫು ಹಾಸಿ, ಅದರ ಮೇಲೆ ತಂಬಿಗೆ ಇಟ್ಟಳು. ಅವಳ ತಂಗಿಯ ಧೈರ್ಯವೆಲ್ಲ ಆ ಕಪ್ಪು ಗೂಡಿನೊಳಗೆ ಉರುಳಿಕೊಂಡು ಹೋಯಿತು.

ಯಂತ್ರ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ ಹೋಯಿತು.

ಪರದೆ ನೋಡುತ್ತಿದ್ದವನು ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬರನ್ನು ಕರೆದ. ಹಿತ್ತಾಳೆಯ ಒಳಗೇನಿದೆ ಕಾಣದು. ಬಾಯಿಗೆ ಏನೋ ದಪ್ಪನೆಯ ಹಿಟ್ಟು. ಸುತ್ತ ದಾರ. ನಾಲ್ಕು ಜನ ನಾಲ್ಕು ಕಡೆಯಿಂದ ಬಗ್ಗಿ ನೋಡಿದರು.

ಒಬ್ಬ ಮಹಿಳಾ ಅಧಿಕಾರಿ ಅವಳನ್ನು ಪಕ್ಕಕ್ಕೆ ಕರೆದಳು. ಒರಟುತನ ಇರಲಿಲ್ಲ. ಮುರುಕು ಕನ್ನಡದಲ್ಲಿ ನಿಧಾನವಾಗಿ ಕೇಳಿದಳು.

"ಇದರಲ್ಲಿ ಏನು?"

"ಎಣ್ಣಿರೀ. ಕೂಸಿಗೆ."

"ಎಷ್ಟು?"

"ಗೊತ್ತಿಲ್ರಿ... ಒಂದು ತಂಬಗಿ."

ಆಕೆ ತಲೆಯಾಡಿಸಿದಳು. "ಹೋಗೋದಿಲ್ಲಮ್ಮಾ. ನೂರು ಎಂ.ಎಲ್. ಅಷ್ಟೇ. ಇಲ್ಲಿ ನಾನು ಬಿಟ್ಟರೂ ಮುಂಬೈನಲ್ಲಿ ತೆಗೆದುಬಿಡ್ತಾರೆ. ಇಲ್ಲಿ ಹಾಕಿ, ಇಲ್ಲಾ ಹೊರಗೆ ನಿಮ್ಮವರಿದ್ದರೆ ಕೊಟ್ಟು ಬನ್ನಿ. ಬೇಗ."

'ಇಲ್ಲಿ' ಎಂದು ತೋರಿಸಿದ್ದು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅರ್ಧ ಕುಡಿದ ನೀರಿನ ಬಾಟಲಿ, ಶಾಂಪೂ, ಒಡೆದ ಉಪ್ಪಿನಕಾಯಿ. ಅದು ನಿಂತಿದ್ದು ನೆಲದ ಮೇಲೆ.

ಅವನು ಹೇಳಿದ್ದ! ಅಕ್ಷರಶಃ ಇದನ್ನೇ ಹೇಳಿದ್ದ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

ವಿಮಾನ ಕಂಪನಿಯ ಹುಡುಗಿಯೊಬ್ಬಳು ಜೊತೆಗೆ ಬಂದಳು. ಇಬ್ಬರೂ ಬಾಗಿಲಿಗೆ ಓಡಿದರು. ಅವನು ಇನ್ನೂ ಇರುತ್ತಾನೋ ಇಲ್ಲವೋ... ಇರಬೇಕು ಎಂದು ಹಾರೈಸಬೇಕೋ ಬೇಡವೋ, ಅದೂ ತಿಳಿಯದಂಥ ಸ್ಥಿತಿ.

ಗಾಜಿನ ಬಾಗಿಲ ಆಚೆ ಅವನು ನಿಂತಿದ್ದ. ಫೋನು ನೋಡುತ್ತಿರಲಿಲ್ಲ. ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದ.

ಅವಳೊಳಗೆ ಏನೋ ಸಿಡಿಯಿತು.

"ತಗೋರಿ! ಇದಕ್ಕಂತನ ನಿಂತಿದ್ರಲ್ಲ? ಆ ಪೆಟಿಗ್ಯಾಗ ಇದನ್ನೂ ಇಟಗೋರಿ!"

ಅವನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆದರೆ ಕೈ ಹಿಂದೆಗೆಯಲಿಲ್ಲ. ಎರಡೂ ಅಂಗೈ ಜೋಡಿಸಿ, ದೇವರ ಮುಂದೆ ತೀರ್ಥ ಹಿಡಿಯುವ ಹಾಗೆ ತಂಬಿಗೆಯನ್ನು ಹಿಡಿದುಕೊಂಡ.

"ನೀವು ಹೋಗ್ರಿ. ವಿಮಾನ ತಪ್ಪೀತು."

ಅಷ್ಟೇ ಅಂದ. ಅವಳು ಅಳುತ್ತ ಒಳಗೆ ಓಡಿದಳು.

* * *

"ಎಣ್ಣಿ ಎಲ್ಲಿ ಅಕ್ಕಾ?"

ಮಸ್ಕತ್‌ನ ಮನೆಯ ಬಾಗಿಲಲ್ಲೇ ಸುಶ್ಮಿತಾ ಕೇಳಿದಳು. 'ಹೆಂಗದೀ' ಎನ್ನಲಿಲ್ಲ. ಅಕ್ಕನ ಬರಿಗೈ ನೋಡಿದಳು, ಅಕ್ಕನ ಮುಖ ನೋಡಿದಳು. ಒಳಗೆ ಹೋಗಿ ಕೂಸಿನ ಪಕ್ಕ ಮಲಗಿಬಿಟ್ಟಳು. ಅವಳ ಗಂಡ ವೀರೇಶ ಚಹಾ ತಂದಿಟ್ಟು, "ಇರಲಿ ಬಿಡ್ರಿ ಅಕ್ಕಾರ, ನೋಡೂಣು" ಅಂದ. ಆ ದನಿಯಲ್ಲೂ ಬಲ ಇರಲಿಲ್ಲ.

ಬೆಳಗಾಗುತ್ತಲೇ ನಾಗರತ್ನಾ ಊರಿಗೆ ಫೋನು ಹಚ್ಚಿದಳು.

"ಚಿಕ್ಕವ್ವಾ, ತಂಬಗಿ ಮುಟ್ಟಿತಾ?"

"ಎಲ್ಲೀದು? ಯಾವ ತಂಬಗಿ?" ಮಂಜವ್ವನ ದನಿ ಏರಿತು. "ಅಯ್ಯ ಶಿವನ! ಅವನ ಕೈಯಾಗ ಕೊಟ್ಟ್ಯಾ? ನಾ ಹೇಳಿದ್ದಿಲ್ಲಾ ನಿನಗ? ಆ ಗಾಡಿ ಈ ಕಡೆ ಹಾದೇ ಇಲ್ಲ!"

ಹುಬ್ಬಳ್ಳಿಯಿಂದ ಬೆಳ್ಳಟ್ಟಿಗೆ ಕಾರಿನಲ್ಲಿ ಎಷ್ಟು ಹೊತ್ತು? ನಿನ್ನೆ ಸಂಜೆಯೇ ಮುಟ್ಟಬೇಕಿತ್ತು!

ಅವನಿಗೆ ಫೋನು ಮಾಡಿದಳು. ಸ್ವಿಚ್ಡ್ ಆಫ್. ಮತ್ತೆ ಮಾಡಿದಳು. ಸ್ವಿಚ್ಡ್ ಆಫ್.

ಒಳಗಿನ ಕೋಣೆಯಿಂದ ಸುಶ್ಮಿತಾ ಮೆಲ್ಲಗೆ ಅಳುವುದು ಕೇಳಿಸುತ್ತಿತ್ತು. ನಾಗರತ್ನಾಳ ಬೆರಳು ತಾನಾಗಿಯೇ ವಾಟ್ಸಾಪ್‌ನ ಮೈಕಿನ ಮೇಲೆ ಒತ್ತಿತು.

"ಏನ್ರೀ, ಗವಿಸಿದ್ದೇಶ ಅನ್ನಾವರ... ಎಣಬತ್ತು ವರ್ಷದ ಮುದುಕಿ ನಡುಗೂ ಕೈಲೆ ತಗದ ಎಣ್ಣಿ ಅದು. ಒಂದು ಕೂಸಿನ ಪಾಲಿಂದು. ಅದನ್ನೂ ಬಿಡ್ಲಿಲ್ಲಲ್ಲ ನೀವು? ನಿಮ್ಮ ಮನ್ಯಾಗ ಹೆಣ್ಣುಮಕ್ಕಳಿಲ್ಲಾ? ಹಚಗೋರಿ ಹಂಗಾದ್ರ, ನೀವ ತಲಿಗೆ ಹಚಗೋರಿ! ನನ್ನ ತಂಗಿ ಕಣ್ಣೀರು ನಿಮ್ಮನ್ನ ತಣ್ಣಗಿಡಲಿ!"

ಕಳಿಸಿಬಿಟ್ಟಳು.

ಎದೆ ಒಂದಿಷ್ಟು ಹಗುರಾಯಿತು. ಸಿಟ್ಟು ಹೊರಗೆ ಹಾಕಿದವರಿಗೆ ಹಾಗೆಯೇ ಅನಿಸುತ್ತದೆ, ಸ್ವಲ್ಪ ಹೊತ್ತು.

ಮೂರು ತಾಸು ಕಳೆಯುವಷ್ಟರಲ್ಲಿ ಊರಿನಿಂದ ಫೋನು ಬಂತು. ಮಂಜವ್ವನ ದನಿಯೇ ಬದಲಾಗಿತ್ತು.

"ರತ್ನಾ... ತಂಬಗಿ ಬಂತ ಯವ್ವಾ. ಈಗ ಬಸ್ಸಿಳದು ಬಂದ."

"ಬಸ್ಸಾ? ಕಾರ್ ಎಲ್ಲಿ?"

"ಹುಬ್ಬಳ್ಳ್ಯಾಗ ಬಿಟ್ಟು ಬಂದಾನ! ಯಾಕೋ ಅಂತ ಕೇಳಿದೆ. 'ಕಾರ್ ನಡಸಾಕ ಎರಡೂ ಕೈ ಬೇಕ್ರಿ ಅವ್ವಾರ. ತಂಬಗಿ ಸೀಟಿನ ಮ್ಯಾಲೆ ಇಡಬೇಕಾಗ್ತಿತ್ತು. ಸೀಟು ನೆಲ ಹೌದೋ ಅಲ್ಲೋ, ಯಾರನ್ನ ಕೇಳ್ಲಿ? ಕೇಳೂವಂಥವ್ರು ವಿಮಾನ ಹತ್ತಿದ್ರು' ಅಂದ."

ನಾಗರತ್ನಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಲಕ್ಷ್ಮೇಶ್ವರಕ್ಕ ಬರೂದ್ರಾಗ ನಮ್ಮೂರ ಕಡೀ ಬಸ್ ಹೋಗಿತ್ತಂತ. ಶೇಖಸಾಬನ ಮನ್ಯಾಗ ತಂಬಗಿ ತೊಡಿಮ್ಯಾಲೆ ಇಟಗೊಂಡ ಕುಂತಿದ್ನಂತ, ಬೆಳಗಾಗೂತನಕಾ. ಫೋನು ಸತ್ತಿತ್ತು, ಚಾರ್ಜರು ಕಾರಿನಾಗ. ಕೈ ಹೆಂಗ ಸೆಟದಾವ ಅಂತೀ! ಅಜ್ಜಿ ಬಂದು ಬಿಡಿಸಿಕೊಂಡಳು. ಇಲ್ಲೇ ಅದಾನ, ಉಪ್ಪಿಟ್ಟು ತಿನ್ನಾಕತ್ತಾನ. ಫೋನು ಈಗ ಚಾರ್ಜಿಗೆ ಹಾಕಿ ಕೊಟ್ಟೀನಿ..."

ಫೋನು ಚಾರ್ಜಿಗೆ!

ನಾಗರತ್ನಾ ಹುಚ್ಚು ಹಿಡಿದವಳಂತೆ ವಾಟ್ಸಾಪ್ ತೆಗೆದಳು. ಅಳಿಸಬೇಕು. ಈಗಲೇ ಅಳಿಸಬೇಕು...

ಎರಡು ಗೆರೆಗಳು ಅವಳ ಕಣ್ಣ ಮುಂದೆಯೇ ನೀಲಿಯಾದವು.

ಅವನು ಕೇಳುತ್ತಿದ್ದ. ಅವಳದೇ ಮನೆಯ ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದ. 'ಹಚಗೋರಿ, ನೀವ ತಲಿಗೆ ಹಚಗೋರಿ...'

"ಚಿಕ್ಕವ್ವಾ, ಏನ್ ಮಾಡಾಕತ್ತಾನ?"

"ಫೋನು ಕಿವಿಗೆ ಹಿಡದಾನ... ಏನಾತೋ ಏನೋ, ತಾಟು ಸರಸಿ ಎದ್ದ ನೋಡು."

* * *

ಅವಳು ಒಂಬತ್ತು ಸಲ ಮೈಕು ಒತ್ತಿದಳು, ಒಂಬತ್ತು ಸಲ ಅಳಿಸಿದಳು. ಕೊನೆಗೆ ಬೆರಳಿಂದ ಒಂದೇ ಸಾಲು ಬರೆದಳು. 'ನನ್ನದು ತಪ್ಪಾತು.'

ನೀಲಿ ಗೆರೆ ಮೂಡಿತು. ಉತ್ತರ ಬರಲಿಲ್ಲ.

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ತೊಟ್ಟಿಲಿನ ದಿನ ಹತ್ತಿರ ಬರುತ್ತಿತ್ತು. ಎಣ್ಣೆ ಬೆಳ್ಳಟ್ಟಿಯಲ್ಲಿ, ಕೂಸು ಮಸ್ಕತ್‌ನಲ್ಲಿ. ನಡುವೆ ಒಂದು ಸಮುದ್ರ, ಒಂದು ಕಾನೂನು ಮತ್ತು ನಾಗರತ್ನಾಳ ನಾಲಿಗೆ.

'ಅವತ್ತ ಲಕ್ಷ್ಮೇಶ್ವರದಾಗ ಹತ್ತು ನಿಮಿಷ ಅವನ ಮಾತು ಕೇಳಿದ್ರ...' ಕೂಸಿನ ಬಟ್ಟೆ ಹಿಂಡುವಾಗ, ತಂಗಿಗೆ ಅಳವಿ ಬೀಜದ ಪಾಯಸ ಕುದಿಸುವಾಗ, ಇದೊಂದೇ ಯೋಚನೆ.

ಇಪ್ಪತ್ತನೆಯ ದಿನ ಮಧ್ಯಾಹ್ನ ಬಾಗಿಲು ಬಡಿಯಿತು.

ಹೊರಗೆ ಯಾರೋ ಅಪರಿಚಿತ. ದಪ್ಪ ಮೀಸೆ, ಸಿಮೆಂಟಿನಿಂದ ಬಿರುಕು ಬಿಟ್ಟ ಕೈ. ಆ ಕೈಯಲ್ಲಿ ಎದೆಗೆ ಆನಿಸಿ ಹಿಡಿದ ಒಂದು ಪಾರದರ್ಶಕ ಚೀಲ. ಚೀಲದೊಳಗೆ ಎಂಟು ಸಣ್ಣ ಬಾಟಲಿ. ಬಾಟಲಿಗಳ ತುಂಬ ಹೊಂಬಣ್ಣ.

"ನಾಗರತ್ನಕ್ಕ ಅಂದ್ರ ನೀವೇನ್ರಿ? ನಾ ಕೊಟ್ರಪ್ಪ, ಹಿರೇವಡ್ಡಟ್ಟಿ. ಇಲ್ಲೆ ಗೌಂಡಿ ಕೆಲಸ ಮಾಡ್ತೀನಿ. ರಜಾ ಮುಗಿಸಿ ಇವತ್ತ ಬಂದೆ. ಗವಿಯಣ್ಣ ಕೊಟ್ಟು ಕಳಿಸ್ಯಾನ. ತಗೋರಿ ಜಲ್ದಿ, ಕೈ ಸೋತಾವ!"

ಅವಳು ಎರಡೂ ಕೈ ಚಾಚಿದಳು.

"ನೆಲಕ್ಕ..."

"ಇಟ್ಟಿಲ್ರೀ ಯಕ್ಕಾ! ಗವಿಯಣ್ಣ ಆಣಿ ಹಾಕಿಸಿಕೊಂಡಾನ. ನೀವು ಮಂಜವ್ವಾರಿಗೆ ಹೇಳಿದ್ದು ಕೇಳಿ, 'ಟ್ರೇ ನೆಲ ಅಲ್ಲ, ಹೆದರಬ್ಯಾಡ, ಕರ್ಚೀಫು ಹಾಸು' ಅಂತನೂ ಹೇಳಿ ಕಳಿಸ್ಯಾನ. ವಿಮಾನದಾಗ ಊಟ ಕೊಟ್ರು, ಒಂದ ಕೈಲೆ ಉಂಡೀನಿ. ಬಾಜೂದಾಂವ ಕೇಳಿದ, ಏನಪಾ ಬಂಗಾರ ಏನು ಅಂತ. ಹೌದು ಅಂದೆ!"

"ಮುದ್ರಿ... ಯಾರು ಒಡದ್ರು?"

"ನಿಮ್ಮಜ್ಜಿ ತಾನ ಒಡದಳಂತ. 'ಕಣಕ ಮೆತ್ತಿದಾಕಿ ನಾನು, ಒಡ್ಯಾಕಿ ನಾನು. ನೆಲಕ್ಕ ಇಡಬ್ಯಾಡ ಅಂತ ಹೇಳಿದ್ದೆ, ಬಗ್ಗಸಬ್ಯಾಡ ಅಂತ ಎಲ್ಲೆ ಹೇಳಿದ್ದೆ? ಕೂಸಿಗೆ ಮುಟ್ಟೂದು ದೊಡ್ಡದೋ, ತಂಬಗಿ ದೊಡ್ಡದೋ?' ಅಂದಳಂತ. ಗವಿಯಣ್ಣ ಹಿಡದಾನ, ಶೇಖಸಾಬನ ಬಾಟ್ಲಿಗೆ ಅಜ್ಜೀನ ಬಗ್ಗಿಸ್ಯಾಳ. ನಾ ಸೋಪು, ಎಣ್ಣಿ, ಸೆಂಟು ಏನೂ ಕೈಯಾಗ ಇಟಗೊಂಡಿಲ್ಲ, ಒಬ್ಬರಿಗೆ ಒಂದ ಚೀಲ ಬಿಡ್ತಾರಂತ, ಇದೊಂದ."

ಬಾಗಿಲಿಗೆ ಬಂದು ನಿಂತಿದ್ದ ಸುಶ್ಮಿತಾ ಚೀಲ ನೋಡಿದಳು. ಹತ್ತು ದಿನದಿಂದ ಬಿಗಿಹಿಡಿದದ್ದು ಒಮ್ಮೆಗೇ ಕಟ್ಟೆಯೊಡೆಯಿತು.

ಮರುದಿನ ಕೂಸಿನ ನೆತ್ತಿಗೆ ಎಣ್ಣೆ ಬಿತ್ತು. ಕೂಸು ಮುಖ ಕಿವುಚಿ, ಜೀವಮಾನದ ಸಿಟ್ಟೆಲ್ಲ ಸೇರಿಸಿ ಚೀರಿತು. ಸುಶ್ಮಿತಾ ಮೊದಲ ಸಲ ನಕ್ಕಳು.

"ಅಮೃತಾ," ಅಂದಳು ಕೂಸಿನ ಕಿವಿಯಲ್ಲಿ. "ನಿನ್ನ ಹೆಸರು ಅಮೃತಾ."

ನಾಗರತ್ನಾ ಫೋಟೊ ತೆಗೆದು ಅವನಿಗೆ ಕಳಿಸಿದಳು.

ನೀಲಿ ಗೆರೆ. ಉತ್ತರವಿಲ್ಲ.

* * *

ಮೂರು ತಿಂಗಳು.

ಮರಳುವ ದಿನ ಬಂತು. ಮಂಜವ್ವ ಫೋನಿನಲ್ಲಿ ಹೇಳಿದಳು: "ಗಾಡಿಗೆ ಹೇಳೀನಿ. ಗವಿ ಬರ್ತಾನೋ ಇಲ್ಲೋ ಗೊತ್ತಿಲ್ಲ. ಅವತ್ತ ಅವನ ಗಾಡಿ ಬ್ಯಾರೆ ಕಡೆ ಐತಂತ, ಇನ್ನೊಬ್ಬನ್ನ ಕಳಸ್ತೀನಿ ಅಂದಾನ. ಹುಡುಗ ಭಾಳ ಚಲೋ ಅದಾನ ಬಿಡು, ನಾ ಅವತ್ತ ಹೇಳಿದ್ದೆ ನಿನಗ!"

"ನೀನಾ? ಚಿಕ್ಕವ್ವಾ, ನೀನಾ ಹೇಳಿದ್ದು?"

"ಮತ್ಯಾರು? ಫೋನು ಇಡ್ತೀನಿ, ಹಾಲು ಉಕ್ಕಾಕತೈತಿ."

ಬ್ಯಾರೆ ಕಡೆ ಐತಂತ... ಅವನು ಬರುವುದಿಲ್ಲ. ಯಾಕೆ ಬರಬೇಕು? ಅವನ ಜಾಗದಲ್ಲಿ ಅವಳಿದ್ದರೂ ಬರುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದು, ಸೂಟ್‌ಕೇಸು ಎಳೆದುಕೊಂಡು ಗಾಜಿನ ಬಾಗಿಲಿಗೆ ಬಂದಳು. ತಲೆ ಎತ್ತಲು ಹೆದರಿಕೆ. ಎತ್ತಿದಳು.

ಅದೇ ಜಾಗ. ಅದೇ ನಿಲುವು. ಬಾಗಿಲನ್ನೇ ನೋಡುತ್ತ ನಿಂತಿದ್ದ ಗವಿಸಿದ್ದೇಶ.

ಅವಳು ಸೂಟ್‌ಕೇಸಿನ ಹಿಡಿಕೆ ಬಿಟ್ಟು ನಿಂತಳು.

ಅವನೇ ಬಂದು ಸೂಟ್‌ಕೇಸು ತೆಗೆದುಕೊಂಡ. "ಪ್ರಯಾಣ ಸುಖ ಆತೇನ್ರಿ?"

"ಹ್ಞೂಂ..."

ಡಿಕ್ಕಿ ತೆಗೆದ. ಅದೇ ರಟ್ಟಿನ ಪೆಟ್ಟಿಗೆ. ಅವತ್ತು ಅವಳು ಬಾಟಲಿಗಳನ್ನಷ್ಟೇ ಕಂಡಿದ್ದಳು. ಇವತ್ತು ಬಗ್ಗಿ ನೋಡಿದಳು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಉರುಟು ಅಕ್ಷರ.

'ಕೋಟುಮಚಗಿ, ಹೊನ್ನೇಶನ ತಾಯಿಗೆ, ತುಪ್ಪ.' 'ಮುಂಡರಗಿ, ತಿರಕಪ್ಪನ ಮನಿಗೆ, ಜೇನು. ಅಳಾಕತ್ತಿದ್ರು, ಜಲ್ದಿ ಮುಟ್ಟಸಬೇಕು.'

"ಇವೆಲ್ಲಾ... ತಿರುಗಿ ಕೊಡ್ತೀರಾ?"

"ಮತ್ತೇನ್ ಮಾಡೂದ್ರಿ? ತಾಯಂದಿರು ಕೈಲೆ ಮಾಡಿ ಕಟ್ಟಿದ್ದು. ಡಬ್ಬಿಗೆ ಹಾಕಾಕ ಯಾರಿಗೂ ಮನಸ್ಸಾಗೂದಿಲ್ಲ. ಓಡಿ ಬರ್ತಾರ, ಬಾಗಿಲದಾಗ ಯಾರೂ ಇರೂದಿಲ್ಲ. ಅದಕ್ಕ ನಿಂದರ್ತೀನಿ." ಡಿಕ್ಕಿ ಮುಚ್ಚಿದ. "ನಮ್ಮವ್ವ ಒಮ್ಮೆ ನಮ್ಮಕ್ಕಗ ಅಂತ ಕಳಿಸಿದ್ದ ತುಪ್ಪ ಹಿಂಗ ಹೋತು. ಅವ್ವ ಮುಂದ ಭಾಳ ದಿನ ಇರಲಿಲ್ಲ."

ಅವಳ ಕಣ್ಣು ತುಂಬಿದವು.

"ನಾ ಅವತ್ತ ಏನೇನೋ ಅಂದೆ."

"ಅಂದ್ರಿ."

"ತಪ್ಪಾತು ಅಂತ ಬರದೆ. ನೀವು ಒಂದ ಅಕ್ಷರ ಬರೀಲಿಲ್ಲ!"

"ಭಾಳ ಸಲ ಬರದೆ, ಅಳಿಸಿದೆ. 'ಇರಲಿ ಬಿಡ್ರಿ' ಅಂತ ಬರದ್ರ ಮಾತು ಅಲ್ಲಿಗೆ ಮುಗೀತೈತಿ ಅನಿಸ್ತು. ಮುಗೀಬಾರದಿತ್ತು ನನಗ."

"ಆ ವಾಯ್ಸ್ ಮೆಸೇಜು... ಅಳಿಸಿಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಳಸೂದಿಲ್ಲ."

"ಯಾಕ? ಅಷ್ಟು ಸಿಟ್ಟಾ ನನ್ನ ಮ್ಯಾಲೆ?"

"ಸಿಟ್ಟಿತ್ತು. ಒಂದು ವಾರ. ಆಮ್ಯಾಲೆ..." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಬೈಗಳಾದ್ರೂ ನಿಮ್ಮ ದನಿ ಅದೊಂದ ಇತ್ರಿ ನನ್ನ ಹತ್ರ."

ಅವಳು ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ನಿಂತಳು. ಬಳಸಿಕೊಂಡು ಹೋಗಿ ಮುಂದಿನ ಬಾಗಿಲು ತೆಗೆದು, ಅವನ ಪಕ್ಕದ ಸೀಟಿನಲ್ಲಿ ಕುಳಿತಳು.

ಎದುರಿನ ಕನ್ನಡಿಗೆ ಸಣ್ಣದೊಂದು ಅರಿವೆಯ ಚೀಲ ತೂಗುತ್ತಿತ್ತು. ಒಳಗೆ ಬೆರಳುದ್ದದ ಅತ್ತರಿನ ಬಾಟಲಿ. ಅದರ ತುಂಬ ಹೊಂಬಣ್ಣ.

"ಇದೇನ್ರಿ?"

ಅವನು ಕಾರು ಚಾಲೂ ಮಾಡಲಿಲ್ಲ. ಕಿವಿ ಕೆಂಪಾಗಿದ್ದವು.

"ಎಂಟು ಬಾಟ್ಲಿ ತುಂಬಿದ ಮ್ಯಾಲೆ ತಂಬಿಗ್ಯಾಗ ಇಷ್ಟ ಉಳದಿತ್ತು. ಅಜ್ಜಿ ಇದರಾಗ ತುಂಬಿ ನನ್ನ ಕೈಯಾಗ ಇಟ್ರು. 'ರತ್ನಾ ಬರೂತನಕಾ ಜ್ವಾಕಿ ಮಾಡು' ಅಂದ್ರು."

"ಯಾರಿಗಂತ?"

"ಕೇಳಿದೆ. 'ಮುಂದ ಈ ಮನ್ಯಾಗ ಹುಟ್ಟೂ ಕೂಸಿಗೆ' ಅಂದ್ರು." ಸ್ಟೇರಿಂಗಿನ ಧೂಳು ಒರೆಸಿದ. "'ಅಂದ್ರ ಯಾರ ಕೂಸು' ಅಂತ ಮತ್ತ ಕೇಳಿದೆ. ಅಜ್ಜಿ ನನ್ನ ಮಾರಿ ನೋಡಿ, 'ನಿನಗ ಕಿವಿ ಮಂದ ಏನು, ನನ್ನಂಗ?' ಅಂದ್ರು."

ನಾಗರತ್ನಾಳ ನಗು, ಅಳು ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನೀವು ಹ್ಞೂಂ ಅಂದ್ರ ನಮ್ಮಪ್ಪನ್ನ ಕರಕೊಂಡು ಬೆಳ್ಳಟ್ಟಿಗೆ ಬರ್ತೀನಿ," ಅವನ ದನಿ ಗಡುಸಾಗಿತ್ತು, ಹೆದರಿದವರ ದನಿಯಂತೆ. "ಒಲ್ಲೆ ಅಂದ್ರ ಬಾಟ್ಲಿ ನಿಮ್ಮ ಕೈಯಾಗ ಕೊಟ್ಟು, ನಿಮ್ಮನ್ನ ಮನಿಗೆ ಮುಟ್ಟಸ್ತೀನಿ. ಮತ್ತ ಕೇಳೂದಿಲ್ಲ."

ಅವಳು ಸೆರಗು ಸರಿಸಿದಳು. ಕೈ ಚಾಚಿ ಬಾಟಲಿಯ ಚೀಲವನ್ನು ಬೆರಳ ತುದಿಯಿಂದ ಮುಟ್ಟಿದಳು. ಬಿಚ್ಚಲಿಲ್ಲ.

"ಮೂರು ತಿಂಗಳು ಇಲ್ಲೇ ತೂಗಾಕತೈತಾ?"

"ಹ್ಞೂಂ."

"ನೆಲಕ್ಕ?"

"ಒಮ್ಮೆನೂ ಇಟ್ಟಿಲ್ಲ."

"ಹಂಗಾದ್ರ ಇಲ್ಲೇ ಇರಲಿ," ಅಂದಳು ನಾಗರತ್ನಾ, ಅವನ ಕಡೆ ನೋಡದೆ. "ನಿಮ್ಮ ಅಪ್ಪಾರನ್ನ ಕರಕೊಂಡು ಬರೂತನಕಾ... ಆಮ್ಯಾಲೆ ಹಿಡಕೊಂಡು ಕುಂಡ್ರಾಕ ನಾ ಇರ್ತೀನಿ."